ಮೂವತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಹೂವಿನ ಮ್ಯಾಕ್ಸಿ

ನನಗೆ ಮರೆವು ಜಾಸ್ತಿ. ಹಾಲನ್ನು ಒಲೆಯ ಮೇಲಿಟ್ಟು ಬಟ್ಟೆ ಹರವಲು ತಾರಸಿಗೆ ಹೋದರೆ, ಸೀದ ವಾಸನೆ ಮೂಗಿಗೆ ಬಡಿಯುವವರೆಗೂ ಹಾಲಿನ ನೆನಪಿರುವುದಿಲ್ಲ. ಆದರೆ ಯಾರಾದರೂ ಒಂದು ಕೊಂಕು ಮಾತಾಡಿದ್ದರೆ, ಅವತ್ತು ಯಾವ ವಾರ, ಅವರು ಯಾವ ಸೀರೆ ಉಟ್ಟಿದ್ದರು, ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತ್ತು, ಎಲ್ಲವನ್ನೂ ಹೇಳಬಲ್ಲೆ. ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಕಳೆದ ತಿಂಗಳಿಂದ ಬಿಟ್ಟಿದ್ದೇನೆ. ಕಾರಣ ಒಂದು ಹೂವಿನ ಮ್ಯಾಕ್ಸಿ.

ಮದುವೆಗೆ ಮೊದಲು ನಾನು ಯಶವಂತಪುರದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಸ್ಯಾಂಪಲ್ ಟೈಲರ್ ಆಗಿದ್ದೆ. ಸಾವಿರಾರು ಉಡುಪು ಹೊಲಿಯುವ ಮುಂಚೆ ಮಾದರಿಗೆಂದು ಒಂದೆರಡನ್ನು ಹೊಲಿಯುತ್ತಾರಲ್ಲ, ಆ ಕೆಲಸ. ಯಾವುದೋ ದೇಶದ ದೊಡ್ಡ ಡಿಸೈನರ್ ಒಬ್ಬರು ಕಾಗದದ ಮೇಲೆ ಬರೆದು ಕಳಿಸಿದ್ದ ಮ್ಯಾಕ್ಸಿ ಅದು. ಕಡುನೀಲಿ ಬಟ್ಟೆ, ಅದರ ತುಂಬ ಅಂಗೈಯಗಲದ ಕೇಸರಿ ಹೂಗಳು, ಸೊಂಟದಿಂದ ಕೆಳಗೆ ಕೊಡೆಯ ಹಾಗೆ ಅಗಲ. ಕಾಗದದಲ್ಲಿ ಬಲು ಚೆನ್ನಾಗಿತ್ತು, ಹೊಲಿದರೆ ಎದೆಯ ಹತ್ತಿರ ಗೋಣಿಚೀಲದಂತೆ ಜೋತು ಬಿತ್ತು. ಮೂರು ಸಲ ಬಿಚ್ಚಿ ನಾನೇ ಸರಿಮಾಡಿದೆ. ಪಕ್ಕದ ಹೊಲಿಗೆಯಲ್ಲಿ ಒಂದು ಹೂವೂ ತುಂಡಾಗದಂತೆ ಎಸಳಿಗೆ ಎಸಳು ಕೂಡಿಸಿದೆ. ಎಲ್ಲ ಮುಗಿದ ಮೇಲೆ ಕುತ್ತಿಗೆಯ ಹಿಂದೆ ಆ ಡಿಸೈನರ್ ಹೆಸರಿನ ಲೇಬಲ್ಲನ್ನೂ ನಾನೇ ಹೊಲಿದೆ. ಹೊಲಿದ ಎರಡರಲ್ಲಿ ಒಂದು ವಿದೇಶಕ್ಕೆ ಹೋಯಿತು. ಇನ್ನೊಂದರ ಅಂಚಿಗೆ ಇಂಕಿನ ಚುಕ್ಕೆ ಬಿದ್ದಿತ್ತೆಂದು, ನಾನು ಕೆಲಸ ಬಿಡುವ ದಿನ ಸೂಪರ್‌ವೈಸರ್ ಮೇಡಂ, "ಮದುವೆ ಗಿಫ್ಟ್ ಅನ್ಕೊಳ್ಳಮ್ಮ" ಎಂದು ನನಗೇ ಕೊಟ್ಟರು.

ಮದುವೆಯಾಗಿ ಆರ್.ಟಿ. ನಗರದ ಮನೆಗೆ ಬಂದ ಎರಡನೇ ಭಾನುವಾರ, ಲಾಲ್‌ಬಾಗಿಗೆ ಹೋಗಿಬರೋಣ ಎಂದಾಯಿತು. ಮ್ಯಾಕ್ಸಿ ಹಾಕಿಕೊಂಡು, ಜಡೆಗೆ ಮಲ್ಲಿಗೆ ಮುಡಿದು ಕೋಣೆಯಿಂದ ಹೊರಬಂದೆ. ನಮ್ಮವರು ಅಡಿಯಿಂದ ಮುಡಿಯವರೆಗೆ ನೋಡಿದರು. ಅತ್ತೆ ಇದ್ದ ಅಡುಗೆಮನೆಗೆ ಹೋಗಿ ಒಂದು ನಿಮಿಷಕ್ಕೆ ವಾಪಸ್ಸು ಬಂದು, ದನಿ ತಗ್ಗಿಸಿ ಹೇಳಿದರು: "ಅಮ್ಮ ಕೇಳ್ತಿದಾರೆ, ನೈಟಿ ಹಾಕ್ಕೊಂಡು ಬೀದಿಗೆ ಹೋಗ್ತಾಳಾ ಅಂತ. ಹಳೇ ಕಾಲದೋರು, ಯಾಕ್ ಸುಮ್ನೆ? ಸೀರೆ ಉಟ್ಕೊಂಡ್ಬಿಡು."

ಉಟ್ಟುಕೊಂಡೆ. ಲಾಲ್‌ಬಾಗಿನ ಒಂದೊಂದು ಹೂವಿನ ಮುಂದೆಯೂ ನಿಂತು ಒಳಗೊಳಗೇ ಕುದ್ದೆ. ನಮ್ಮವರು ಸುಟ್ಟ ಮುಸುಕಿನ ಜೋಳ ಕೊಡಿಸಿ ಸಮಾಧಾನ ಮಾಡಿದರು. ಎಂಥ ಒಳ್ಳೆಯ ಗಂಡ, ಎಂಥ ಅತ್ತೆ ಎಂದುಕೊಂಡೆ. ಮ್ಯಾಕ್ಸಿ ಬೇವಿನೆಲೆಯ ಜೊತೆ ಪೆಟ್ಟಿಗೆ ಸೇರಿತು. ಮುಂದೆ ನಮ್ಮ ಬೀದಿಯ ಹೆಂಗಸರೆಲ್ಲ ನಿಜವಾದ ನೈಟಿಯಲ್ಲೇ, ಹೆಗಲ ಮೇಲೊಂದು ಟವೆಲ್ ಎಸೆದುಕೊಂಡು, ಬಸ್‌ಸ್ಟಾಪಿನವರೆಗೂ ಹೋಗಿ ಸೊಪ್ಪು ಕೊಳ್ಳತೊಡಗಿದರು. ನೈಟಿಯಲ್ಲದ ನನ್ನ ಬಟ್ಟೆಗೆ ಮಾತ್ರ ಬೀದಿಯ ಯೋಗ ಬರಲಿಲ್ಲ.

ಕಳೆದ ತಿಂಗಳು ಮಗಳು ಅನುಷಾ ಏನೋ ಹುಡುಕುತ್ತ ಆ ಪೆಟ್ಟಿಗೆ ತೆಗೆದಳು. ಲೇಬಲ್ ನೋಡಿ, ಮೊಬೈಲ್ ನೋಡಿ, ಕಿರುಚಿದಳು. "ಅಮ್ಮಾ, ಇದು ಯಾರದ್ದು ಗೊತ್ತಾ?"

"ನಂದು."

"ಅಯ್ಯೋ, ಡಿಸೈನರ್ ಯಾರು ಅಂತ ಕೇಳಿದ್ದು! ವಿಂಟೇಜ್ ಪೀಸ್ ಇದು, ಜನ ಹುಡುಕ್ಕೊಂಡ್ ಅಲೀತಾರೆ."

"ಹೊಲಿದಿದ್ದು ನಾನೇ ಕಣೇ," ಎಂದೆ. "ಹೌದಾ? ಸೂಪರ್," ಎಂದಳು, ಮೊಬೈಲಿನಿಂದ ತಲೆ ಎತ್ತದೆ.

ಹೆಬ್ಬಾಳದಲ್ಲಿ ಅವಳ ಗೆಳತಿಯ ನಿಶ್ಚಿತಾರ್ಥ. ಅದಕ್ಕೆ ಮ್ಯಾಕ್ಸಿ ಹಾಕಿಕೊಂಡು ನಡುಮನೆಗೆ ಬಂದು ಒಂದು ಸುತ್ತು ತಿರುಗಿದಳು. ಎಂಬತ್ತು ದಾಟಿದ ಅತ್ತೆ ಟೀವಿಯ ಮುಂದಿದ್ದರು. ನಾನು ಸೊಂಟಕ್ಕೆ ಕೈಯಿಟ್ಟು ಕಾದು ನಿಂತೆ. ಈಗ ಅನ್ನಲಿ, ಮೊಮ್ಮಗಳಿಗೂ ಅದೇ ಮಾತು ಅನ್ನಲಿ. ಅತ್ತೆ ಕನ್ನಡಕ ಏರಿಸಿ, ಬಟ್ಟೆಯ ಪಕ್ಕದ ಹೊಲಿಗೆಯನ್ನು ಬೆರಳಲ್ಲಿ ಹಿಡಿದು ನೋಡಿದರು. "ಏನ್ ಚೆನ್ನಾಗಿದ್ಯೇ! ಒಂದು ಹೂವೂ ತುಂಡಾಗಿಲ್ಲ ನೋಡು. ಯಾರೇ ಹೊಲಿದಿದ್ದು?"

ಮೂವತ್ತು ವರ್ಷಗಳಲ್ಲಿ ಆ ಹೊಲಿಗೆಯನ್ನು ಗಮನಿಸಿದವರು ಅವರೊಬ್ಬರೇ. ಸಂತೋಷಪಡುವುದು ಬಿಟ್ಟು ಸಿಡಿದುಬಿದ್ದೆ. "ನಾನೇ ಹೊಲಿದಿದ್ದು, ಅತ್ತೆ. ಇದನ್ನೇ ಅಲ್ವಾ ನೀವು ಅವತ್ತು ನೈಟಿ ಅಂದಿದ್ದು?"

"ನಾನಾ? ಇದನ್ನ ನಾನು ಇವತ್ತೇ ಕಣೇ ನೋಡ್ತಿರೋದು. ಯಾವತ್ತು ತೋರ್ಸಿದ್ದೆ ನಂಗೆ?"

ನಮ್ಮವರ ಕಡೆ ತಿರುಗಿದೆ. ಅವರು ಪೇಪರಿನ ಹಿಂದೆ ಇದ್ದರು. "ರೀ, ನೀವೇ ಹೇಳಿ."

ಪೇಪರ್ ಮೆಲ್ಲಗೆ ಇಳಿಯಿತು. "ಅಮ್ಮ ಏನೂ ಅಂದಿರ್ಲಿಲ್ಲ ಕಣೇ. ನಂಗೇ ಒಂಥರಾ ಅನ್ನಿಸ್ತು. ನಾನ್ ಬೇಡ ಅಂದಿದ್ರೆ ನೀನು ಬೇಜಾರ್ ಮಾಡ್ಕೊಳ್ತಿದ್ದೆ. ಅತ್ತೆ ಅಂದ್ರು ಅಂದ್ರೆ, ಅತ್ತೆಯರು ಹಂಗೇ ಅಂತ ಸುಮ್ನಾಗ್ತೀಯ ಅನ್ಕೊಂಡೆ."

"ಮತ್ತೆ ಅವತ್ತು ಅಡುಗೆಮನೆಗೆ ಯಾಕೆ ಹೋಗಿದ್ರಿ?"

"ನೀರ್ ಕುಡಿಯೋಕೆ."

ಮಗಳು ನಕ್ಕಳು. ಅತ್ತೆ ನಗಲಿಲ್ಲ, ಟೀವಿಯ ದನಿ ಸ್ವಲ್ಪ ಜೋರು ಮಾಡಿಕೊಂಡರು.

ನಾನು ಸುಮ್ಮನಾಗಿರಲಿಲ್ಲ ಎಂಬುದು ನಮ್ಮವರಿಗೆ ಗೊತ್ತಿಲ್ಲ. ಆ ಒಂದು ಮಾತಿಗಾಗಿ ಅತ್ತೆಗೆ ನಾನು ಒಂದು ರವಿಕೆಯನ್ನೂ ಹೊಲಿದುಕೊಡಲಿಲ್ಲ. ಪರದೇಶದವರ ಅಳತೆಗೆ ಹೊಲಿದವಳು, ಬೀದಿಯ ಅರ್ಧ ಹೆಂಗಸರಿಗೆ ಹೊಲಿದವಳು, ಅತ್ತೆ ಬಟ್ಟೆ ಹಿಡಿದು ಬಂದಾಗ ಮಾತ್ರ "ಕಣ್ಣು ಮಂಜಾಗತ್ತೆ ಅತ್ತೆ" ಎಂದೆ. ಎರಡು ಸಲ ಕೇಳಿದರು, ಮೂರನೆಯ ಸಲ ಕೇಳಲಿಲ್ಲ. ಮೂಲೆಯಂಗಡಿಯ ಟೈಲರ್ ಹೊಲಿದುಕೊಟ್ಟ, ಒಂದು ತೋಳು ಗಿಡ್ಡ ಒಂದು ತೋಳು ಉದ್ದದ ರವಿಕೆಯಲ್ಲೇ ನಾದಿನಿಯ ಮದುವೆಗೂ ನಿಂತರು. ನನಗೆ ಅವತ್ತು ಖುಷಿಯಾಗಿತ್ತು. ಇನ್ನು ಆ ಸಿಟ್ಟನ್ನೆಲ್ಲ ನ್ಯಾಯವಾಗಿ ನಮ್ಮವರ ಮೇಲೆ ತೀರಿಸಬೇಕೆಂದರೆ ಮತ್ತೆ ಅಷ್ಟೇ ವರ್ಷ ಬೇಕು. ಅಷ್ಟು ಆಯಸ್ಸು ನನಗೂ ಇಲ್ಲ, ಅವರಿಗೂ ಇಲ್ಲ.

ಮಾರನೆಯ ದಿನ ತಿಂಡಿಯಾದ ಮೇಲೆ ಟೇಪು ಹಿಡಿದು ಅತ್ತೆಯ ಮುಂದೆ ನಿಂತೆ. ರವಿಕೆಗೆ ಅಳತೆ ತಗೊಳ್ತೀನಿ ಎಂದೆ. ಅವರು ಎದ್ದುನಿಂತು, ನೋವಿದ್ದ ತೋಳನ್ನು ನಿಧಾನವಾಗಿ ಎತ್ತಿದರು. ಟೇಪು ಸುತ್ತುವಾಗ ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು: "ಕಣ್ಣು ಸರಿಹೋಯ್ತೇನೇ?"

"ಹೂಂ ಅತ್ತೆ," ಎಂದೆ. ಆದರೂ ಅಳತೆಯನ್ನು ಎರಡು ಸಲ ತಪ್ಪಾಗಿ ಬರೆದುಕೊಂಡೆ.