ಕನಕಪ್ಪನ ಬೂದಿಕಟ್ಟೆ

ರಾಣೆಬೆನ್ನೂರಿನ ಬೀಜದ ಗೋದಾಮಿಗೆ ರಾತ್ರಿ ಕಾವಲಿಗೆ ಹೋಗುವ ಕನಕಪ್ಪನಿಗೆ ಹಗಲೇ ರಾತ್ರಿ. ಆದರೆ ಅವನು ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಓಣಿಯ ಮಂದಿ ಅವನ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತು ಬಾಯಿ ತೆರೆಯುತ್ತಿದ್ದರು.

ಒಂದು ಮುಂಜಾನೆ ಆ ಹಳೆಯ ಕಟ್ಟೆ ತಾನಾಗಿಯೇ ಕುಸಿಯಿತು. ಕನಕಪ್ಪ ದೇವರಿಗೆ ಕೈಮುಗಿದು ಮಲಗಿದ. ಇನ್ನೂ ಮಗ್ಗುಲು ಬದಲಿಸಿರಲಿಲ್ಲ, ಪಕ್ಕದ ಮನೆಯ ಮುದುಕವ್ವ, ಎದುರುಮನೆಯ ಸುಭಾಷ ಇಬ್ಬರೂ ಬಾಗಿಲಲ್ಲಿ.

“ಕಟ್ಟಿ ಬಿದ್ದೈತಲ್ಲೋ ಕನಕಪ್ಪ. ನಾವಿನ್ನ ಎಲ್ಲಿ ಕುಂದ್ರೂದು?” ಎಂದಳು ಮುದುಕವ್ವ.

“ಇವತ್ತ ಕಟ್ಟಿಸಿಬಿಡ್ರಿ. ಗೌಂಡಿಗೆ ನಾನ ಹೇಳಿ ಬಂದೇನಿ,” ಎಂದ ಸುಭಾಷ.

ಒಲ್ಲೆನೆಂದರೆ ಓಣಿಯಲ್ಲಿ ಬಾಳುವಂತಿಲ್ಲ. ಕನಕಪ್ಪ ಒಂದು ಉಪಾಯ ಹೂಡಿದ. ಅಕ್ಕಿ ಗಿರಣಿಯಿಂದ ಸುಟ್ಟ ಹೊಟ್ಟಿನ ಬೂದಿಯನ್ನು ಚೀಲದಲ್ಲಿ ಹೊತ್ತು ತಂದು ಗೌಂಡಿ ಫಕ್ಕೀರಸಾಬನ ಮುಂದಿಟ್ಟ.

“ಸಿಮೆಂಟ್ ಒಂದೀಟ ಕಡಿಮಿ ಮಾಡಿ ಇದನ್ನ ಕಲಸ್ರಿ.”

“ಬೂದಿ ಯಾಕ್ರಿ?”

“ಉಳಿತಾಯ ಆಕ್ಕೈತಿ.”

ಮಳೆಗಾಲ ಬರುವಷ್ಟರಲ್ಲಿ ಕಟ್ಟೆ ಉದುರಿಹೋಗಲಿ ಎಂಬ ಆಸೆಯನ್ನು ಮಾತ್ರ ನುಂಗಿಕೊಂಡ.

ಗಾರೆ ಎಮ್ಮೆಯ ಬೆನ್ನಿನಂತೆ ಕಪ್ಪಗಾಯಿತು. “ಇದು ಸಿಮೆಂಟ ಮಾಲೇನೋ, ಮುಸುರಿ ತಿಕ್ಕೋ ಬೂದಿಯೋ?” ಎಂದು ಮುದುಕವ್ವ ಮೂಗು ಮುರಿದಳು. ಮರುದಿನ ಕನಕಪ್ಪ ಉಗುರಿನಿಂದ ಕೆರೆದು ನೋಡಿದ. ಮೆತ್ತಗಿತ್ತು. ಅವತ್ತು ಅವನಿಗೆ ಕೂಸಿನಂತೆ ನಿದ್ದೆ ಬಂತು.

ಸುಮ್ಮನಿದ್ದರೆ ಗಟ್ಟಿಯಾದೀತೆಂದು ಹೆದರಿ, ದಿನಾ ಕೆಲಸಕ್ಕೆ ಹೊರಡುವ ಮುಂಚೆ ಅದರ ಮೇಲೆ ಕೊಡಗಟ್ಟಲೆ ನೀರು ಸುರಿದ. ಬೂದಿಯೆಲ್ಲ ತೊಳೆದುಹೋಗಲಿ ಎಂದು.

“ನಮ್ಮ ಸಲುವಾಗಿ ಎಷ್ಟ ಕಾಳಜಿ ನೋಡ್ರಿ ಅವಂಗ,” ಎಂದು ಓಣಿ ಹೊಗಳಿತು.

ಮಳೆಗಾಲ ಬಂತು, ಹೋಯಿತು. ಕಟ್ಟೆಯಲ್ಲಿ ಒಂದು ಬಿರುಕಿಲ್ಲ. ತಡೆಯಲಾರದೆ ಕನಕಪ್ಪ ಸುತ್ತಿಗೆ ತಂದು ಮೂಲೆಗೆ ಒಂದೇಟು ಹಾಕಿದ. ಹಿಡಿಕೆ ಮುರಿದು ಕೈಗೆ ಬಂತು.

ಆ ದಾರಿಯಲ್ಲೇ ಹೊರಟಿದ್ದ ಫಕ್ಕೀರಸಾಬ ನಿಂತು ನಕ್ಕ. “ಪರೀಕ್ಷಾ ಮಾಡಾಕತ್ತೀರೇನ್ರಿ? ಬೂದಿ ಒಳಗ ಹೊಕ್ಕು ಸಣ್ಣ ತೂತೆಲ್ಲ ಮುಚ್ಚೈತಿ. ನೀವೂ ದಿನಾ ನೀರ ಕುಡಿಸೀರಿ. ಖರೇ ಹೇಳ್ತೇನಿ, ಕಲ್ಲ ಆಗೈತಿ. ಈಗ ಎಲ್ಲಾ ಕಡೆ ನಿಮ್ಮ ಹೆಸರ ಹೇಳಿ ಇದನ್ನ ಮಾಡಾಕತ್ತೇನಿ.”

ಕಟ್ಟೆ ತಂಪು, ನುಣುಪು. ಆಚೆ ಓಣಿಯವರೂ ಬಂದು ಕೂರತೊಡಗಿದರು. ಕನಕಪ್ಪ ಕಿವಿಗೆ ಹತ್ತಿ ತುರುಕಿ, ಮೇಲೆ ದಿಂಬು ಒತ್ತಿಕೊಂಡು ಮಲಗಿದ. ಅಂತೂ ಕಣ್ಣಿಗೆ ಜೊಂಪು ಹತ್ತಿತು. ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು.

ಅಗಡಿ ಎಂಬ ಹಳ್ಳಿಯಿಂದ ಬಂದ ಯಾರೋ ಅಪರಿಚಿತ. ಅವನ ಹಿಂದೆ ಇನ್ನೂ ನಾಲ್ಕಾರು ಮಂದಿ ಸಾಲುಗಟ್ಟಿ ನಿಂತಿದ್ದರು.

“ಮಲಗಿದ್ರೇನ್ರಿ? ಏನಿಲ್ಲ, ಬೂದಿ ಎಷ್ಟ ಹಾಕಬೇಕಂತ ಕೇಳಾಕ ಬಂದೇವಿ.”