ಬದನಿಕಾಯಿ ಅಣ್ಣತಮ್ಮರಿಗೆ ನಾ ಮಾಡಿಕೊಟ್ಟ ವಾಟ್ನಿ

ನಮ್ಮ ಮೊಮ್ಮಗಳು ಭಾಗ್ಯಾ ಜಮಖಂಡಿ ಕಾಲೇಜಿನಾಗ ಗಿಡಗಂಟಿಗಳ ಬಗ್ಗೆ ದೊಡ್ಡ ಓದು ಓದಾಕತ್ಯಾಳ. ನಾನು ಮೂರನೆತ್ತಾ ಮುಗಿಸಿ ಸಾಲಿಗೆ ಕೈಮುಗಿದು, ರಬಕವಿಯ ಕುಣಿಮಗ್ಗದಾಗ ಕಾಲು ಇಳಿಬಿಟ್ಟವ. ಅಂಥಾವನ ಮೊಮ್ಮಗಳು ಸಂಶೋಧನಾ ಮಾಡ್ತಾಳಂದ್ರ ಸುಮ್ನ ಆತೇನ್ರಿ? ಹೆಮ್ಮಿಗೆ ಎದಿ ಉಬ್ಬಿ ಅಂಗಿ ಗುಂಡಿ ಎರಡು ಕಿತ್ತು ಹೋದುವು.

"ಅದು ಹೆಮ್ಮಿ ಅಲ್ಲ, ನಿನ್ನೆ ತಿಂದ ಹೋಳಿಗಿ," ಅಂದ್ಲು ನಮ್ಮಾಕಿ.

ಭಾಗ್ಯಾ ಮಾಳಿಗಿ ಮ್ಯಾಲೆ ಎಂಟು ಕುಂಡ ಇಟ್ಟಿದ್ಲು. ನಾಕರಾಗ ಬದನಿ, ಟೊಮ್ಯಾಟೊ ಜೋಡಿ. ಉಳಿದ ನಾಕರಾಗ ಬದನಿ, ಶೇಂಗಾ ಜೋಡಿ.

"ಅಜ್ಜಾ, ಬದನಿ ಟೊಮ್ಯಾಟೊ ಎರಡೂ ಒಂದ ಕುಲದ್ದು," ಅಂತ ತಿಳಿಸಿ ಹೇಳಿದ್ಲು. "ಭಾಳ ಹಿಂದ ಎರಡಕ್ಕೂ ಒಬ್ಬಾಕಿನ ಮುತ್ತಜ್ಜಿ. ಹಂಗಾಗಿ ಎರಡಕ್ಕೂ ಒಂದ ನಮೂನಿ ಊಟ ಬೇಕು. ಶೇಂಗಾ ದೂರಿಂದು. ಅದು ತನ್ನ ಬುತ್ತಿ ಸ್ವಲ್ಪ ಗಾಳ್ಯಾಗಿಂದ ತಾನ ಕಟಗೊಂಡು ಬರ್ತೈತಿ."

ನಾ ತೊಡಿ ತಟ್ಟಿದೆ! "ಇಷ್ಟ ಹೌದಲ್ಲಬೇ! ಬದನಿ ಟೊಮ್ಯಾಟೊ ಅಣ್ಣತಮ್ಮರು, ಒಂದ ಹೊಲಕ್ಕ ಬಡದಾಡ್ತಾರ. ಶೇಂಗಾ ಬೀಗರು, ಅವರ ಹೊಲ ಅವರ ಊರಾಗ. ಜಗಳ ಎಲ್ಲಿಂದ ಬರಬೇಕು?"

"ಹಂಗ ಖಾತ್ರಿ ಹೇಳಾಕ ಆಗೂದಿಲ್ಲಜ್ಜಾ. ಒಮ್ಮೊಮ್ಮೆ ಹತ್ತರದವೂ ಹೊಂದಿಕೊಂಡು ಇರ್ತಾವಂತ. ಅದನ್ನ ನೋಡಾಕತ್ತೇನಿ."

ಈ ಕಡೀ ಮಾತು ನನ್ನ ಕಿವಿ ಒಳಗ ಹೋಗಲಿಲ್ಲ. ಅಣ್ಣತಮ್ಮರ ವಿಷಯ ನನಗ್ಯಾಕ ಹೇಳಬೇಕ್ರಿ? ನಮ್ಮಣ್ಣನ ಮನಿಗೂ ನಮ್ಮನಿಗೂ ನಡುವ ಗ್ವಾಡಿ ಐತಿ. ಗ್ವಾಡಿ ಎದ್ದ ದಿನದಿಂದ ಇಬ್ರೂ ಭಾಳ ಪ್ರೀತಿಲೆ ಇದ್ದೀವಿ!

ಮುಂದ ಭಾಗ್ಯಾ ಐದು ದಿನ ಮುಧೋಳಕ್ಕ ಅತ್ತಿ ಮನಿಗೆ ಹೊಂಟ್ಲು. "ಸೋಮವಾರ ಸರ್ ನೋಡಾಕ ಬರ್ತಾರ. ದಿನಾ ಒಂದೊಂದು ಕುಂಡಕ್ಕ ಒಂದೊಂದು ತಂಬಿಗಿ ನೀರು. ಬ್ಯಾರೆ ಏನೂ ಮಾಡಬ್ಯಾಡ ಅಜ್ಜಾ!"

"ನಾ ಇರೂತನಕ ಚಿಂತಿ ಯಾಕ?" ಅಂದೆ.

ಚಿಂತಿ ಮಾಡಬೇಕಾಗಿದ್ದೇ ನಾ ಇದ್ದೇನಿ ಅಂತ!

ಎರಡನೇ ದಿನ ನೋಡ್ತೇನಿ, ಬದನಿ ತನ್ನ ಅಗಲ ಎಲಿ ಚಾಚಿ ಟೊಮ್ಯಾಟೊದ ತಲಿಮ್ಯಾಲೆ ಕುಂತೈತಿ! ದೊಡ್ಡವ ಸಣ್ಣವನ ಬಿಸಲು ನುಂಗಾಕತ್ತಾನ! ಮನಿ ಹಿರ್ಯಾ ಅನಿಸಿಕೊಂಡವ ಇಂಥಾ ಅನ್ಯಾಯ ಕಣ್ಣಾರೆ ಕಂಡು ಸುಮ್ನ ಕುಂದ್ರಬೇಕೇನು? ಕೂಡಲೇ ವಾಟ್ನಿ ಮಾಡಿ, ಆಸ್ತಿ ಸರಿಪಾಲು ಹಂಚಿಕೊಡಬೇಕೆಂದು ತೀರ್ಮಾನಿಸಲಾಯಿತು. ತೀರ್ಮಾನಿಸಿದವನೂ ನಾನ, ಪಂಚನೂ ನಾನ.

ಎಣ್ಣಿ ಡಬ್ಬಿ ತಗಡು ಕತ್ತರಿಸಿ, ನೂಲು ಹಿಡಿದು ಅಳತಿ ಮಾಡಿದೆ. ಸೀರಿ ಅಂಚು ನೇಯ್ದ ಕೈ, ಒಂದೆಳಿ ಹೆಚ್ಚುಕಮ್ಮಿ ಆಗೂದಿಲ್ಲ. ಸರಿಯಾಗಿ ನಟ್ಟನಡುವ ತಗಡು ಇಟ್ಟು ಕಲ್ಲಿಲೆ ಬಡದೆ. ನಾಕೂ ಕುಂಡದಾಗ ಗ್ವಾಡಿ ಎದ್ದಿತು!

ನಮ್ಮಾಕಿ ಮಾಳಿಗಿ ಹತ್ತಿ ಬಂದ್ಲು. "ನೀರ ಹಾಕಂದ್ರ ನೀರ ಹಾಕಬೇಕ್ರಿ. ಕುಂಡದ ಒಳಗಿಂದ ಕರಕ್ ಕರಕ್ ಅಂತ ಸಪ್ಪಳ ಬಂತಲ್ಲ, ಏನದು?"

"ಅದು ಅಣ್ಣತಮ್ಮರ ವೈಮನಸ್ಸು ಮುರಿದ ಸಪ್ಪಳ!"

ಅದು ಬೇರು ಮುರಿದ ಸಪ್ಪಳ.

ಇಷ್ಟಕ್ಕ ನಿಲ್ಲಿಸಿದ್ರ ನಾಕು ಕುಂಡರೆ ಉಳಿತಿದ್ದುವು. ಆದ್ರ ಆ ಕಡೆ ಶೇಂಗಾ ಕುಂತಿತ್ತಲ್ಲ, ಬೀಗರು! ಬಂದ ಬೀಗರಿಗೆ ಒಂದು ತಂಬಿಗಿ ನೀರು ಕೊಟ್ಟು ಕೈ ತೊಳಕೊಳ್ಳೂದು ನಮ್ಮ ಮನಿತನದಾಗ ಇಲ್ಲ. ದಿನಾ ಒಂದೊಂದು ಕುಂಡಕ್ಕ ಮುಂಜಾನೆ ನಾಕು ತಂಬಿಗಿ, ಮಧ್ಯಾಹ್ನ ನಾಕು, ಸಂಜಿಮುಂದ ಮ್ಯಾಲೆ ಒಂದೊಂದು ಬೊಗಸಿ ಗೊಬ್ಬರ. "ತಗೋರಿ, ಸಂಕೋಚ ಮಾಡಬ್ಯಾಡ್ರಿ," ಅಂತ ಬಾಯಿಬಿಟ್ಟು ಹೇಳಿದೆ ಬ್ಯಾರೆ!

ರವಿವಾರ ಭಾಗ್ಯಾ ಬಂದ್ಲು. ಅಣ್ಣತಮ್ಮರು ತಮ್ಮ ತಮ್ಮ ಪಾಲಿನ್ಯಾಗ ನ್ಯಾಯಬದ್ಧವಾಗಿ ಒಣಗಿ ಮಲಗಿದ್ರು. ಬೀಗರು ಕೆಸರಿನ್ಯಾಗ ಹಳದಿ ಹೊಡೆದು ಕೊಳಿತಿದ್ರು. ಅವರ ಸಂಗಡ ಕುಂತಿದ್ದ ಬದನಿನೂ ಹೋಗಿತ್ತು.

ಹುಡುಗಿ ಬೈಲಿಲ್ಲ. ಬೈದಿದ್ರ ಬೇಸಿತ್ತು. ತಗಡು ಮುಟ್ಟಿ ನೋಡಿ ಅಂದ್ಲು: "ಅಜ್ಜಾ, ಜಗಳಾಡ್ತಾವೋ ಇಲ್ಲೋ ನೋಡಾಕ ಇಟ್ಟಿದ್ದೆ. ನೀ ಜಗಳಾನ ಬಿಡಿಸಿದಿ!"

ನನಗ ಭೂಮಿ ಬಾಯಿಬಿಡಬಾರದ ಅನಿಸಿತು. ಬಿಟ್ಟಿದ್ರ ಅಲ್ಲೂ ಒಂದು ತಗಡು ಬಡದು ಬರ್ತಿದ್ದೆ ಅನ್ನೂದು ಬ್ಯಾರೆ ಮಾತು.

ಸೋಮವಾರ ಸರ್ ಬಂದ್ರು. ಕುಂಡ ನೋಡಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಸ್ವಲ್ಪ ಹೊತ್ತು ಕೆಮ್ಮಿದ್ರು. ಪುಣ್ಯಾತ್ಮರು, "ಮತ್ತೊಮ್ಮೆ ಹಚ್ಚವ್ವಾ, ಒಂದೂವರೆ ತಿಂಗಳು ಟೈಮ್ ಕೊಡ್ತೇನಿ. ಆದ್ರ ಏನಾತು ಅನ್ನೂದು ಖರೆ ಖರೆ ಬರೀಬೇಕು," ಅಂದ್ರು. ಭಾಗ್ಯಾನ ಮಾರಿ ಅರಳಿತು. ನನ್ನ ಜೀವ ತಿರುಗಿ ಬಂತು.

ಆಕಿ ಬರೆದದ್ದರಾಗ ನಾನೂ ಇದ್ದೇನಿ ಅಂತ ತಿಳಿದದ್ದೇ ತಡ, ಓಣಿಗೆ ಓಡಿದೆ. "ಕಾಲೇಜಿನ ಪುಸ್ತಕದಾಗ ನನ್ನ ಸುದ್ದಿ ಬಂದೈತಿ!" ಅಂತ ಕಂಡಕಂಡವರಿಗೆಲ್ಲಾ ಪೇಡೆ ಹಂಚಿದೆ.

ನಮ್ಮಾಕಿ ಬಾಗಲದಾಗ ನಿಂತು ಕೂಗಿದ್ಲು: "ಎಲ್ಲಿ ಬಂದೈತಿ ಅದನ್ನೂ ಹೇಳ್ರೀ!"

ಹೇಳಲಿಲ್ಲ. ನಿಮಗಷ್ಟ ಹೇಳ್ತೇನಿ. ಆ ಹಾಳಿ ತಲಿಮ್ಯಾಲೆ "ಬೆಳೆಗೆ ಹಾನಿ ಮಾಡಿದವು" ಅಂತಿತ್ತು. ಕೆಳಗ:

ಎಲೆ ತಿನ್ನುವ ಹುಳ: ಕಂಡುಬಂದಿಲ್ಲ.

ಬೂಷ್ಟು ರೋಗ: ಕಂಡುಬಂದಿಲ್ಲ.

ಅಜ್ಜ: ಎಲ್ಲಾ ಕುಂಡಗಳಲ್ಲಿ ಕಂಡುಬಂದಿದೆ.