ಶೂ ರ‍್ಯಾಕಿನಲ್ಲಿ ನನ್ನ ಗ್ರಂಥಾಲಯ

ಮನೆ ಶಿಫ್ಟ್ ಮಾಡಿಕೊಡುವ ಕೆಲಸದಲ್ಲಿರುವವನಿಗೆ ನಗಲಿಕ್ಕೆ ಬೇರೆ ಜಾಗ ಬೇಕಾಗಿಲ್ಲ. ಯಾರ ಮನೆಯ ಪುಸ್ತಕದ ಕಪಾಟು ಖಾಲಿ ಮಾಡಿದರೂ ಒಂದಲ್ಲ ಒಂದು ತಮಾಷೆ ಹೊರಗೆ ಬಿದ್ದೇ ಬೀಳುತ್ತದೆ. ಬಟ್ಟೆಯ ಬೀರು ತೆರೆದರೆ ಬಟ್ಟೆ ಕಾಣುತ್ತದೆ. ಪುಸ್ತಕದ ಕಪಾಟು ತೆರೆದರೆ ಯಜಮಾನರೇ ಕಾಣುತ್ತಾರೆ.

ನಾನು ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಆಮೇಲೆ ಕಾಲಿಗೆ ಚಕ್ರ. ಮಂಗಳೂರಿನ ಹೋಟೆಲು, ಮುಂಬೈಯ ಕ್ಯಾಂಟೀನು, ಗೋವಾದ ಬೋಟು, ಮಸ್ಕತ್ತಿನ ಗ್ಯಾರೇಜು, ಕೊನೆಗೆ ದುಬೈ. ಒಂದು ಕೆಲಸ ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಕಾಲು ತುರಿಸುತ್ತಿತ್ತು. ಶಿಫ್ಟಿಂಗ್ ಕೆಲಸದಲ್ಲಿ ಮಾತ್ರ ನಿಂತೆ, ಯಾಕೆಂದರೆ ಇದರಲ್ಲಿ ದಿನಾ ಒಂದು ಮನೆ ಬಿಡಬಹುದು.

ಹೀಗೆ ಆರಾಮಾಗಿದ್ದವನಿಗೆ ಊರಿನಿಂದ ಅಕ್ಕನ ಫೋನ್ ಬಂತು.

"ನಿನಗೊಂದು ಹುಡುಗಿ ನೋಡಿದ್ದೇನೆ. ಟೀಚರ್. ಫೋಟೋ ಕಳಿಸಿದ್ದೇನೆ, ನೋಡು."

ನೋಡಿದೆ. ಜೀವನದಲ್ಲಿ ಮೊದಲ ಸಲ ಒಂದೇ ಕಡೆ ನಿಂತುಬಿಡೋಣ ಅನ್ನಿಸಿತು.

"ಅವಳ ಅಪ್ಪ ಹೆಡ್‌ಮಾಷ್ಟ್ರಾಗಿದ್ದವರು. ನಿನ್ನ ಸಂಬಳ ಕೇಳಲಿಲ್ಲ, ಜಾಗ ಕೇಳಲಿಲ್ಲ. ಹುಡುಗನ ಹತ್ತಿರ ಪುಸ್ತಕ ಉಂಟಾ ಅಂತ ಕೇಳಿದರು ಮಾರಾಯಾ."

"ನೀನು ಎಂತ ಹೇಳಿದೆ?"

"ಒಂದು ಕಪಾಟು ತುಂಬಾ ಉಂಟು ಅಂದೆ."

ನಾನಿದ್ದದ್ದು ದುಬೈಯ ಸತ್ವಾದ ಒಂದು ಹಳೇ ವಿಲ್ಲಾದ ಬೆಡ್‌ಸ್ಪೇಸಿನಲ್ಲಿ. ಎರಡು ಅಂತಸ್ತಿನ ಮಂಚದ ಕೆಳಗಿನ ಅಂತಸ್ತು ನನ್ನದು. ಕಪಾಟು ಹಾಗಿರಲಿ, ಅಂಗಿ ನೇತುಹಾಕುವ ಮೊಳೆ ಕೂಡ ಮೇಲಿನ ಅಂತಸ್ತಿನವನದ್ದು.

"ಮತ್ತೆ ಕೇಳು," ಅಂದಳು ಅಕ್ಕ, "ಅವರ ಮಗ ಅಬುಧಾಬಿಯಲ್ಲಿದ್ದಾನೆ. ಮುಂದಿನ ತಿಂಗಳು ಅಲ್ಲಿಗೆ ಬರ್ತಾರಂತೆ. ಬಂದಾಗ ನಿನ್ನ ಕಪಾಟು ನೋಡ್ತಾರಂತೆ. ಅದು ನೋಡಿಯೇ ಹೌದೋ ಅಲ್ಲವೋ ಹೇಳೋದಂತೆ."

ಫೋನ್ ಇಟ್ಟವನೇ ನಮ್ಮ ಪಿಕಪ್ಪಿನ ಡ್ರೈವರಣ್ಣನ ಹತ್ತಿರ ಓಡಿದೆ. ಉಡುಪಿ ಕಡೆಯವರು, ಎಲ್ಲದಕ್ಕೂ ಒಂದು ದಾರಿ ಹೇಳುವವರು.

"ಇದಕ್ಕೆಂತ ತಲೆಬಿಸಿ? ಮನೆ ಬಿಡುವವರು ದಿನಾ ಪುಸ್ತಕ ಬಿಟ್ಟು ಹೋಗ್ತಾರೆ. ಕೇಳಿ ತಗೋ. ದಪ್ಪದ್ದೇ ನೋಡಿ ತಗೋ, ಕಪಾಟು ಬೇಗ ತುಂಬ್ತದೆ."

ಹಾಗೆ ಶುರುವಾಯಿತು.

ಬಣ್ಣದ ಕಪಾಟು

ಮೊದಲನೆಯದು ಸಮುದ್ರ ಕಾಣುವ ಒಂದು ಫ್ಲ್ಯಾಟು. ಬೆಂಗಳೂರಿನ ಮೇಡಂ. ಕಪಾಟು ನೋಡಿದರೆ ಬಣ್ಣದ ಅಂಗಡಿಯ ಹಾಗೆ. ಒಂದು ಸಾಲು ನೀಲಿ, ಒಂದು ಸಾಲು ಬಿಳಿ, ಒಂದು ಸಾಲು ಬೂದು.

ನಮ್ಮ ಕೆಲಸದಲ್ಲಿ ಪುಸ್ತಕಕ್ಕೆ ಒಂದೇ ಕಾನೂನು, ಸಣ್ಣ ಬಾಕ್ಸು. ದೊಡ್ಡ ಬಾಕ್ಸಿಗೆ ತುಂಬಿದರೆ ಎತ್ತುವಾಗ ತಳ ಕೆಳಗೇ ಉಳಿಯುತ್ತದೆ. ನಾನು ಅಳತೆ ನೋಡಿ ಸಣ್ಣ ಬಾಕ್ಸುಗಳಿಗೆ ತುಂಬಿದೆ. ಹೊಸ ಮನೆಯಲ್ಲಿ ಬಾಕ್ಸು ಬಿಚ್ಚಿದರೆ ನೀಲಿಯ ಜೊತೆ ಬಿಳಿ, ಬಿಳಿಯ ಜೊತೆ ಬೂದು. ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ, ಎಲ್ಲಾ ಮಿಕ್ಸ್ ಆಗೋಯ್ತಲ್ರೀ! ಈಗ ನಾನು ಓದ್ತಾ ಇದ್ದ ಪುಸ್ತಕ ಹೆಂಗ್ ಹುಡುಕ್ಲಿ?"

"ಹೆಸರು ಹೇಳಿ ಮೇಡಂ, ಹುಡುಕಿ ಕೊಡ್ತೇನೆ."

"ಹೆಸರು ಯಾರಿಗೆ ನೆನಪಿರುತ್ತೆ? ತಿಳಿ ನೀಲಿ."

ಕೂತು ಎಲ್ಲವನ್ನೂ ಮತ್ತೆ ಬಣ್ಣ ನೋಡಿ ಜೋಡಿಸಿದೆ. ಕೊನೆಗೆ ಒಂದು ದಪ್ಪ ಕಿತ್ತಳೆ ಪುಸ್ತಕ ಉಳಿಯಿತು. ಎಲ್ಲಿಟ್ಟರೂ ಮೇಡಂಗೆ ಸಮಾಧಾನ ಇಲ್ಲ.

"ಸೋಫಾಗೆ ಹೊಂದಲ್ಲ. ಬೇಕಾದ್ರೆ ನೀವೇ ತಗೊಳ್ಳಿ."

ನನ್ನ ಗ್ರಂಥಾಲಯದ ಮೊದಲ ಪುಸ್ತಕ ಬಂತು. ಇಂಗ್ಲಿಷಿನದ್ದು, ಒಳಗೆ ಎಂತ ಉಂಟು ಅಂತ ನಾನು ಕೇಳಲಿಲ್ಲ. ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ದೊಡ್ಡ ಪಂಡಿತರು

ಎರಡನೆಯದು ಒಂದು ವಿಲ್ಲಾ. ಮೈಸೂರಿನ ಯಜಮಾನರು, ಜೊತೆಗೆ ಅವರ ಹೆಂಡತಿ. ಮುಂದಿನ ಕೋಣೆಯ ಒಂದು ಗೋಡೆ ಪೂರಾ ಚರ್ಮದ ಬೈಂಡಿನ ಪುಸ್ತಕಗಳು, ಬೆನ್ನಿಗೆ ಚಿನ್ನದ ಅಕ್ಷರ. ಡ್ರೈವರಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದರು.

ಇಷ್ಟು ಭಾರ ಎತ್ತುವುದಕ್ಕೆ ಒಂದು ಕ್ರಮ ಉಂಟು. ಮಂಡಿ ಬಗ್ಗಿಸಬೇಕು, ಉಸಿರು ಹಿಡಿಯಬೇಕು, ಒಂದೇ ಎಳೆತಕ್ಕೆ ತೆಗೆಯಬೇಕು. ನಾನು ಮೊದಲ ಸಾಲು ಎರಡೂ ಕೈಯಲ್ಲಿ ತಬ್ಬಿ, ಯಲ್ಲಾ ಅಂತ ಎಳೆದೆ. ಸಾಲಿನ ಸಮೇತ ಹಿಂದಕ್ಕೆ ಹಾರಿ ಸೋಫಾದಲ್ಲಿ ಬಿದ್ದೆ. ಪುಸ್ತಕವೇ ಅಲ್ಲ! ಪುಸ್ತಕದ ಬೆನ್ನಿನ ಹಾಗೆ ಮಾಡಿ ಅಂಟಿಸಿದ ಖಾಲಿ ಪೆಟ್ಟಿಗೆ.

"ಹುಷಾರು ಕಣಯ್ಯಾ!" ಯಜಮಾನರು ಓಡಿ ಬಂದರು. "ಅದು ಶೋಗೆ ಇಟ್ಟಿರೋದು. ಕೊಡು ಇಲ್ಲಿ, ಅದೊಂದನ್ನ ನಾನೇ ತಗೊಂಡೋಗ್ತೀನಿ."

ಬಿದ್ದ ರಭಸಕ್ಕೆ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿತ್ತು. ಅವರು ಎಳೆದುಕೊಂಡದ್ದೇ ತಡ, ಒಳಗಿನಿಂದ ಮೈಸೂರ್‌ಪಾಕು ಒಂದೊಂದಾಗಿ ನೆಲಕ್ಕೆ ಉದುರಿತು. ಕೋಣೆ ಪೂರಾ ತುಪ್ಪದ ಪರಿಮಳ.

ಅಮ್ಮನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಶುಗರ್ ಇಳೀತಿಲ್ಲ ಅಂತ ನಾನು ಡಾಕ್ಟರ್ ಮೇಲೆ ಡಾಕ್ಟರ್ ಬದಲಾಯಿಸ್ತಿದೀನಿ. ಇವ್ರು ಇಲ್ಲಿ ದಿನಾ ಒಂದು ಸಂಪುಟ ಓದ್ತಿದಾರೆ!"

ಆಮೇಲೆ ಟೀಪಾಯಿಯ ಕೆಳಗಿನಿಂದ ಒಂದು ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಆ ಮನೆಯ ಏಕೈಕ ನಿಜವಾದ ಪುಸ್ತಕ. ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

"ಇವ್ರ ಹುಟ್ಟುಹಬ್ಬಕ್ಕೆ ಅಂತ ತಂದಿದ್ದೆ. ನೀನೇ ತಗೊಂಡೋಗಪ್ಪ, ನೀನಾದ್ರೂ ಉದ್ಧಾರ ಆಗು."

ಮಂಚದ ಕಾಲು

ಮೂರನೆಯದು ಅಲ್ ಮುರಕ್ಕಬಾತ್‌ನಲ್ಲಿ. ನಮ್ಮ ಊರಿನ ಕಡೆಯ ಗಂಡ ಹೆಂಡತಿ, ಮೂರು ಮಕ್ಕಳು. ಕಪಾಟಿನಲ್ಲಿ ಆಟದ ಸಾಮಾನು ಬಿಟ್ಟರೆ ಏನೂ ಇಲ್ಲ. ಆದರೆ ಮಗುವಿನ ಮಂಚದ ಒಂದು ಕಾಲಿನ ಕೆಳಗೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ನನಗೆ ಬಾಯಲ್ಲಿ ನೀರು ಬಂತು.

"ಅದು ಮಕ್ಕಳನ್ನು ಸಾಕುವ ಪುಸ್ತಕ," ಅಂದರು ಮಕ್ಕಳ ತಾಯಿ. "ದೊಡ್ಡವಳು ಹುಟ್ಟಿದಾಗ ಒಂದಕ್ಷರ ಬಿಡದೆ ಓದಿದ್ದೆ. ಎರಡನೆಯವನಿಗೆ ಬರೀ ಚಿತ್ರ ನೋಡಿದೆ. ಮೂರನೆಯದಕ್ಕೆ ಮಂಚ ಅಲುಗಾಡ್ತಿತ್ತು."

ನಾನು ಪುಸ್ತಕಕ್ಕೆ ಕೈ ಹಾಕಿದೆ. ದೊಡ್ಡವಳು ಸೊಂಟಕ್ಕೆ ಕೈ ಇಟ್ಟು ಅಡ್ಡ ನಿಂತಳು.

"ಅಂಕಲ್! ದಟ್ ಈಸ್ ನಾಟ್ ಎ ಬುಕ್. ದಟ್ ಈಸ್ ದ ಲೆಗ್!"

ಹೊಸ ಮನೆಯಲ್ಲಿ ಮಂಚಕ್ಕೆ ಮರದ ತುಂಡು ಕಡಿದು ಕೊಟ್ಟು ಆ ಕಾಲನ್ನು ತಂದುಕೊಂಡೆ.

ಪರೀಕ್ಷೆ

ಹೀಗೆ ಅಲ್ಲಿಂದೊಂದು ಇಲ್ಲಿಂದೊಂದು, ಬೋಳುತಲೆಯ ಸಾಹೇಬರೊಬ್ಬರ ಮನೆಯಿಂದಲೂ ಒಂದು ಸೇರಿ ರಾಶಿಯಾಯಿತು. ಕಪಾಟಿಗೆ ಯಾರೋ ಬಿಸಾಡಿದ ಕಬ್ಬಿಣದ ಶೂ ರ‍್ಯಾಕು ಸಿಕ್ಕಿತು. ತೊಳೆದು, ಮಂಚದ ಪಕ್ಕ ನಿಲ್ಲಿಸಿ, ದಪ್ಪದಿಂದ ತೆಳ್ಳಗೆ ಜೋಡಿಸಿದೆ. ಡ್ರೈವರಣ್ಣ ದೂರ ನಿಂತು ನೋಡಿ, "ವಕೀಲರ ಆಫೀಸಿನ ಹಾಗೆ ಉಂಟು" ಅಂದರು. ನನಗೆ ಧೈರ್ಯ ಬಂತು.

ಭಾನುವಾರ ಬೆಳಿಗ್ಗೆ ಮಾಷ್ಟ್ರು ಬಂದರು. ಕಾರಿಗೆ ಪಾರ್ಕಿಂಗ್ ಹುಡುಕಲು ಹೋದ ಅವರ ಮಗ ಸತ್ವಾದಲ್ಲಿ ಸುತ್ತುತ್ತಲೇ ಉಳಿದ. ಮಾಷ್ಟ್ರು ಚಹಾ ಮುಟ್ಟಲಿಲ್ಲ, ನನ್ನ ಮುಖ ನೋಡಲಿಲ್ಲ. ಕನ್ನಡಕ ಏರಿಸಿ, ತಲೆ ಒಂದು ಬದಿಗೆ ವಾಲಿಸಿ, ಪುಸ್ತಕದ ಬೆನ್ನುಗಳನ್ನು ಓದುತ್ತಾ ಹೋದರು. ಒಂದೊಂದು ಓದಿದ ಹಾಗೆಲ್ಲಾ ಅವರ ಹುಬ್ಬು ಮೇಲೆ ಮೇಲೆ ಹೋಯಿತು.

"ನಿಮಗೆ ಶುಗರ್ ಉಂಟಾ?"

"ಇಲ್ಲ ಮಾಷ್ಟ್ರೇ!"

"ತಲೆಕೂದಲು ನಿಮ್ಮದೇ ಅಲ್ವಾ?"

ನಾನು ಜಗ್ಗಿ ತೋರಿಸಿದೆ.

"ಮತ್ತೆ ಮಗು ಎಲ್ಲುಂಟು?"

"ಯಾವ ಮಗು?"

ಮಾಷ್ಟ್ರು ಕಿತ್ತಳೆ ಪುಸ್ತಕ ಹೊರಗೆಳೆದು ಹೆಸರನ್ನು ಕನ್ನಡ ಮಾಡಿ ಓದಿದರು. "ಗಂಡನನ್ನು ಬಿಟ್ಟ ಮೇಲೆ ಹೆಂಗಸು ಸುಖವಾಗಿ ಬಾಳುವುದು ಹೇಗೆ." ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಇದರಲ್ಲಿ ನೀವು ಯಾರು?"

ಬಾಗಿಲಲ್ಲಿ ನಿಂತಿದ್ದ ಡ್ರೈವರಣ್ಣ ಮೆಲ್ಲಗೆ "ಖಲಾಸ್" ಅಂದರು.

ಮಾಷ್ಟ್ರು ಆಗಲೇ ಮಗಳಿಗೆ ವಿಡಿಯೋ ಕಾಲ್ ಹಚ್ಚಿದ್ದರು. "ಇದು ಆಗುವ ಸಂಬಂಧ ಅಲ್ಲ ಮಗಳೇ. ಮಗು ಉಂಟು, ಶುಗರ್ ಉಂಟು, ಒಂದು ಮದುವೆ ಮುರಿದ ಹಾಗೂ ಕಾಣ್ತದೆ."

"ಫೋನ್ ಕಪಾಟಿಗೆ ಹಿಡಿಯಿರಿ ಅಪ್ಪಾ," ಅಂತ ಆ ಕಡೆಯಿಂದ ಮಾತು ಬಂತು. ಮಾಷ್ಟ್ರು ಫೋನನ್ನು ಮೇಲಿಂದ ಕೆಳಗೆ ಹಿಡಿದು ತೋರಿಸಿದರು. ಆಮೇಲೆ, "ಇದು ಶೂ ರ‍್ಯಾಕ್ ಅಲ್ವಾ? ಈಗ ಅವರಿಗೆ ಹಿಡಿಯಿರಿ. ಇದರಲ್ಲಿ ನೀವು ಓದಿದ್ದು ಯಾವುದು?"

ಅಕ್ಕ ಕಟ್ಟಿದ ಕಪಾಟು ಬಿದ್ದೇ ಹೋಗಿತ್ತು. ಇನ್ನು ಹಿಡಿದುಕೊಂಡು ಪ್ರಯೋಜನ ಇರಲಿಲ್ಲ.

"ಒಂದೂ ಇಲ್ಲ. ಎಲ್ಲಾ ಹೊತ್ತದ್ದು. ಯಾವುದು ಯಾರ ಮನೆಯದ್ದು ಅಂತ ಬೇಕಾದರೆ ಹೇಳ್ತೇನೆ."

"ಹೇಳಿ."

ಹೇಳಿದೆ. ತಿಳಿ ನೀಲಿ ಮೇಡಂ ಕಥೆಗೆ ಅವಳು ನಕ್ಕಳು. ಮಂಚದ ಕಾಲಿನ ಕಥೆಗೆ ಫೋನೇ ಅಲುಗಾಡಿತು, ಯಾಕೆಂದರೆ ಹಿಡಿದುಕೊಂಡ ಮಾಷ್ಟ್ರೂ ನಗುತ್ತಿದ್ದರು. ಮೈಸೂರ್‌ಪಾಕಿನ ಸಂಪುಟಕ್ಕೆ ಬಂದಾಗ ಅವರು ನಿಲ್ಲಲಾರದೆ ನನ್ನ ಮಂಚದಲ್ಲಿ ಕೂತರು. ಕೂತ ಮೇಲೂ ನಗು ತಡೆಯದೆ ಎದ್ದರು. ಎದ್ದದ್ದೇ ತಲೆ ಸೀದಾ ಮೇಲಿನ ಅಂತಸ್ತಿಗೆ ಬಡಿಯಿತು. ನೆತ್ತಿ ಹಿಡಿದುಕೊಂಡ ಮೇಲೆ ಅವರಿಗೆ ಹೆಡ್‌ಮಾಷ್ಟ್ರುತನ ನೆನಪಾಯಿತು.

"ಅದೆಲ್ಲಾ ಸರಿ. ಆದರೆ ಹುಡುಗ ಓದುವುದಿಲ್ಲ ಅಂತ ಆಯಿತಲ್ಲ?"

"ನಮ್ಮ ಮನೆಯಲ್ಲಿ ಓದುವವರು ಸಾಕಷ್ಟು ಇದ್ದಾರೆ ಅಪ್ಪಾ," ಅಂದಳು ಹುಡುಗಿ. "ಹೊರುವವರೇ ಇಲ್ಲದ್ದು. ನನ್ನ ಪುಸ್ತಕ ಎಲ್ಲಾ ದುಬೈಗೆ ಬರಬೇಕಲ್ಲ. ಇವರೇ ಆಗ್ಲಿ."

ಡ್ರೈವರಣ್ಣ ನನ್ನನ್ನು ಅನಾಮತ್ತಾಗಿ ಎತ್ತಿಬಿಟ್ಟರು, ಮಂಡಿ ಬಗ್ಗಿಸುವ ಕ್ರಮ ಕೂಡ ನೋಡದೆ. ಮಾಷ್ಟ್ರು ತಣ್ಣಗಾದ ಚಹಾ ಕೇಳಿ ಕುಡಿದರು.

ಈಗ ದೇರಾದಲ್ಲಿ ನಮ್ಮದೇ ಒಂದು ಸಣ್ಣ ಫ್ಲ್ಯಾಟು ಉಂಟು. ಅವಳ ಪುಸ್ತಕದ ಬಾಕ್ಸುಗಳನ್ನು ನಾನೇ ಮೇಲೆ ಹೊತ್ತೆ. ಆ ದಿನವೇ ಲಿಫ್ಟ್ ಕೆಟ್ಟಿತ್ತು. ಆದರೂ ಸುಸ್ತಾದ ಹಾಗೆ ಅನ್ನಿಸಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಿದವರಿಗೆಲ್ಲಾ "ನನ್ನ ಹೆಂಡತಿಯದ್ದು" ಅಂತ ಕೇಳದಿದ್ದರೂ ಹೇಳುತ್ತಾ ಹತ್ತಿದೆ. ಸಂಜೆಗೆ ಹೊಸ ಮರದ ಕಪಾಟು ತುಂಬಿತು. ಶುಗರ್, ಕೂದಲು, ಮಂಚದ ಕಾಲು, ನನ್ನ ಗ್ರಂಥಾಲಯ ಪೂರಾ ಅವಳು ಖಾಲಿ ಮಾಡಿದಳು. ಒಂದನ್ನು ಮಾತ್ರ ಇಟ್ಟುಕೊಂಡಳು. ಕಿತ್ತಳೆ ಪುಸ್ತಕ, ಕಪಾಟಿನ ನಟ್ಟನಡುವೆ, ನಾನು ಊಟಕ್ಕೆ ಕೂತರೆ ಸರಿಯಾಗಿ ಕಣ್ಣಿಗೆ ಬೀಳುವ ಹಾಗೆ.

"ಅದು ಯಾಕೆ ಅಲ್ಲಿ?" ಅಂತ ಕೇಳಿದೆ.

"ನಮ್ಮ ಸೋಫಾಕ್ಕೆ ಹೊಂದುತ್ತದೆ," ಅಂದಳು.

ನಮ್ಮ ಮನೆಯಲ್ಲಿ ಸೋಫಾ ಇಲ್ಲ.